ಭಾನುವಾರದ ಪ್ರಸಂಗಕ್ಕೆ ವಾಕ್ಯಭಾಗ ಓದಿಕೊಳ್ಳುವುದು ಹೇಗೆ: ಒಳ್ಳೆಯ ಸಮಾರ್ಯದವನ ಸಾಮ್ಯ ಇಟ್ಟುಕೊಂಡು ಒಂದು ಮಾರ್ಗದರ್ಶಿ

ನಾನು ಮೊದಲ ಸಲ ಚರ್ಚಿನಲ್ಲಿ ಪ್ರಸಂಗ, ಅಂದರೆ ವಾಕ್ಯದ ಉಪದೇಶ, ಮಾಡಿದ್ದು ಒಳ್ಳೆಯ ಸಮಾರ್ಯದವನ ಮೇಲೆ. ಅದು ಯೇಸುಸ್ವಾಮಿ ಹೇಳಿದ ಒಂದು ಸಾಮ್ಯ, ಅಂದರೆ ದೃಷ್ಟಾಂತದ ಕಥೆ: ಕಳ್ಳರು ಬಟ್ಟೆ ಕಿತ್ತು, ಹೊಡೆದು ದಾರಿಯಲ್ಲಿ ಬಿಟ್ಟುಹೋದವನನ್ನು ಇಬ್ಬರು ನೋಡಿಯೂ ದಾಟಿ ಹೋಗುತ್ತಾರೆ, ಮೂರನೆಯವನಾದ ಸಮಾರ್ಯದವನು ಕಾಪಾಡುತ್ತಾನೆ. ಆ ವಾರ ನಮ್ಮ ಸಭೆಯ ಅಯ್ಯನವರು (ಪಾಸ್ಟರ್) ಊರಲ್ಲಿ ಇರಲಿಲ್ಲ. ‘ಈ ಭಾನುವಾರ ನೀವೇ ನೋಡಿಕೊಳ್ಳಿ’ ಅಂದುಬಿಟ್ಟಿದ್ದರು. ಗೊತ್ತಿರುವ ಕಥೆ ತಾನೇ ಅಂತ ಶನಿವಾರ ರಾತ್ರಿ ಊಟ ಆದ ಮೇಲೆ ಕೂತು ಎರಡು ಪುಟ ಬರೆದೆ. ಮರುದಿನ ಮೂವತ್ತೈದು ನಿಮಿಷ ಮಾತಾಡಿದೆ. ಕಷ್ಟದಲ್ಲಿ ಇರುವವರಿಗೆ ಸಹಾಯ ಮಾಡಿ ಅನ್ನುವ ಒಂದೇ ಮಾತನ್ನು ಮೂವತ್ತೈದು ನಿಮಿಷ ಎಳೆದಿದ್ದೆ.

ಆರಾಧನೆ ಮುಗಿದ ಮೇಲೆ ಬಾಗಿಲ ಹತ್ತಿರ ಒಬ್ಬ ಅಜ್ಜಿ ಕೈ ಹಿಡಿದುಕೊಂಡು ಕೇಳಿದರು. “ಅಲ್ಲಪ್ಪಾ, ಈ ಸಮಾರ್ಯದವರು ಅಂದ್ರೆ ಯಾರ ಪೈಕಿ?”

“ಬೇರೆ ಊರಿನವರು ಅಜ್ಜಿ” ಅಂದೆ.

“ಬರೀ ಬೇರೆ ಊರಾದ್ರೆ ಅದನ್ನ ಅಷ್ಟು ಒತ್ತಿ ಯಾಕೆ ಹೇಳ್ತಾರೆ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಕಥೆ ಗೊತ್ತಿತ್ತು, ವಾಕ್ಯಭಾಗ ಓದಿರಲಿಲ್ಲ. ಎರಡೂ ಒಂದೇ ಅಲ್ಲ ಅಂತ ಅವತ್ತು ಗೊತ್ತಾಯಿತು. ಆಮೇಲೆ ವರ್ಷಗಟ್ಟಲೆ ತಪ್ಪು ಮಾಡುತ್ತಾ ಕಲಿತ ಕ್ರಮ ಇಲ್ಲಿದೆ. ಉದಾಹರಣೆಗೆ ಅದೇ ಭಾಗವನ್ನು ಇಟ್ಟುಕೊಂಡಿದ್ದೇನೆ: ಲೂಕ 10:25ರಿಂದ 37, ಅಂದರೆ ಲೂಕನ ಸುವಾರ್ತೆಯ 10ನೇ ಅಧ್ಯಾಯ, 25ರಿಂದ 37ನೇ ವಚನ. ನಿಮ್ಮ ಸತ್ಯವೇದವನ್ನು (ಬೈಬಲನ್ನು) ತೆರೆದಿಟ್ಟುಕೊಂಡೇ ಇದನ್ನು ಓದಿ.

ಕೂರುವ ಮೊದಲು

ಸೋಮವಾರ ಅಥವಾ ಮಂಗಳವಾರವೇ ಶುರು ಮಾಡಿ. ಒಂದೇ ದಿನ ಆರು ಗಂಟೆ ಕೂರುವುದಕ್ಕಿಂತ ಆರು ದಿನ ಒಂದೊಂದು ಗಂಟೆ ಕೂರುವುದು ಮೇಲು. ನಡುವೆ ಬಸ್ಸಲ್ಲಿ, ಅಡುಗೆಮನೆಯಲ್ಲಿ, ನಿದ್ದೆಯಲ್ಲಿ ವಾಕ್ಯ ತನ್ನ ಪಾಡಿಗೆ ಕೆಲಸ ಮಾಡುತ್ತಿರುತ್ತದೆ.

ಬೇಕಾಗಿದ್ದು ಜಾಸ್ತಿ ಏನಿಲ್ಲ. ಒಂದು ನೋಟ್‌ಬುಕ್, ಪೆನ್ನು, ಎರಡು ಅಥವಾ ಮೂರು ಅನುವಾದ. ನಿಮ್ಮ ಸಭೆಯಲ್ಲಿ ಓದುವ ಅನುವಾದ ಒಂದು ಇರಲೇಬೇಕು, ಜನರ ಕೈಯಲ್ಲಿ ಇರುವುದು ಅದೇ. ಇನ್ನೊಂದು ಸರಳ ಕನ್ನಡದ್ದಾಗಿರಲಿ. ಪಕ್ಕದ ಮನೆಯ ಕಥೋಲಿಕರಿಂದ ಅವರ ಬೈಬಲ್ ಒಂದು ವಾರಕ್ಕೆ ಕೇಳಿ ತನ್ನಿ. ನಮ್ಮ ‘ಸುವಾರ್ತೆ’ ಅಲ್ಲಿ ‘ಶುಭಸಂದೇಶ’ ಆಗಿರುತ್ತದೆ. ಅಷ್ಟು ಸಣ್ಣ ಬದಲಾವಣೆ ಸಾಕು, ಸವೆದುಹೋದ ಪದಕ್ಕೆ ಮತ್ತೆ ಜೀವ ಬರುತ್ತದೆ. ಇಂಗ್ಲಿಷ್, ತಮಿಳು, ತೆಲುಗು ಬಂದರೆ ಅವೂ ಆಗುತ್ತವೆ. ನಮ್ಮ ಮಂಗಳೂರು ಕಡೆಯವರಿಗೆ ಕೊಂಕಣಿ, ತುಳು ಇದ್ದೇ ಇದೆ.

ಫೋನಿನ ಆ್ಯಪ್ ಒಳ್ಳೆಯದೇ, ಆದರೆ ಮೊದಲ ಎರಡು ದಿನ ಬೇಡ. ವ್ಯಾಖ್ಯಾನದ ಪುಸ್ತಕಗಳೂ ಬೇಡ, ಯೂಟ್ಯೂಬ್ ಪ್ರಸಂಗಗಳಂತೂ ಬೇಡವೇ ಬೇಡ. ಪ್ರಾರ್ಥನೆ ಮಾಡಿ ಕೂತುಕೊಳ್ಳಿ. ನನ್ನ ಪ್ರಾರ್ಥನೆ ಚಿಕ್ಕದು: ‘ನನಗೆ ಮೊದಲೇ ಗೊತ್ತಿರುವುದನ್ನೇ ಇಲ್ಲಿ ಹುಡುಕದ ಹಾಗೆ ಮಾಡು ಕರ್ತನೇ.’

ಭಾಗ ಎಲ್ಲಿ ಶುರು, ಎಲ್ಲಿ ಮುಗಿಯುತ್ತೆ?

ಆಲ್ಮನಾಕ್ (ಭಾನುವಾರಗಳ ವಾಕ್ಯಗಳ ಪಟ್ಟಿ ಇರುವ ಪಂಚಾಂಗ) ನೋಡಿ ವಾಕ್ಯ ತೆಗೆದುಕೊಳ್ಳುವ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಭಾಗ ಮೊದಲೇ ಗೊತ್ತಾಗಿರುತ್ತದೆ. ಆದರೂ ಗಡಿಯನ್ನು ನೀವೇ ಒಮ್ಮೆ ನೋಡಿ. ಅಧ್ಯಾಯ, ವಚನಗಳ ಅಂಕಿಗಳನ್ನು ಲೂಕನು ಹಾಕಿದ್ದಲ್ಲ. ಅಧ್ಯಾಯಗಳು ಬಂದದ್ದು 13ನೇ ಶತಮಾನದಲ್ಲಿ, ಹೊಸ ಒಡಂಬಡಿಕೆಗೆ ಇವತ್ತಿನ ವಚನ ಸಂಖ್ಯೆ ಬಂದದ್ದು 1551ರಲ್ಲಿ. ನಡುವೆ ದಪ್ಪಕ್ಷರದಲ್ಲಿ ಇರುವ ಶೀರ್ಷಿಕೆಗಳೂ ಪ್ರಕಟಿಸಿದವರು ಸೇರಿಸಿದ್ದು. ‘ಒಳ್ಳೆಯ ಸಮಾರ್ಯದವನು’ ಅನ್ನುವ ಮಾತೇ ಕಥೆಯೊಳಗೆ ಎಲ್ಲೂ ಇಲ್ಲ.

ನಾನು ಮೊದಲ ಸಲ ಎಡವಿದ್ದು ಇಲ್ಲೇ. 30ನೇ ವಚನದಿಂದ ಶುರು ಮಾಡಿದ್ದೆ: ಒಬ್ಬ ಮನುಷ್ಯ ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿದು ಹೋಗುತ್ತಿದ್ದ ಅಂತ. ಕಥೆ ಮಾತ್ರ ತೆಗೆದುಕೊಂಡೆ, ಆ ಕಥೆ ಯಾವ ಪ್ರಶ್ನೆಗೆ ಉತ್ತರವೋ ಆ ಪ್ರಶ್ನೆಯನ್ನು ಬಿಟ್ಟೆ. 25ರಿಂದ ಓದಿದರೆ ಇದು ಒಬ್ಬ ಧರ್ಮೋಪದೇಶಕನ, ಅಂದರೆ ಮೋಶೆಯ ಧರ್ಮಶಾಸ್ತ್ರ ಬಲ್ಲ ಪಂಡಿತನ, ಜೊತೆ ನಡೆದ ಮಾತುಕತೆ. ಅವನು ಎರಡು ಪ್ರಶ್ನೆ ಕೇಳುತ್ತಾನೆ: ನಿತ್ಯಜೀವ ಸಿಗಲು ಏನು ಮಾಡಬೇಕು, ನನ್ನ ನೆರೆಯವನು ಯಾರು. ಎರಡಕ್ಕೂ ಯೇಸುಸ್ವಾಮಿ ತಿರುಗಿ ಪ್ರಶ್ನೆಯನ್ನೇ ಕೇಳುತ್ತಾರೆ. ಎರಡು ಸಲವೂ ಅವನ ಬಾಯಿಂದಲೇ ಉತ್ತರ ಹೊರಡಿಸುತ್ತಾರೆ. ಎರಡು ಸಲವೂ ‘ಹಾಗೇ ಮಾಡು’ ಅಂತ ಮುಗಿಸುತ್ತಾರೆ, 28ರಲ್ಲಿ ಒಂದು ಸಲ, 37ರಲ್ಲಿ ಇನ್ನೊಂದು ಸಲ. ಕಥೆ ಈ ಎರಡನೇ ಸುತ್ತಿನ ಒಳಗೆ ಕೂತಿದೆ.

ಜೋರಾಗಿ ಓದಿ, ಕೈಯಲ್ಲಿ ಬರೆಯಿರಿ

ಸುಮ್ನೆ ಕಣ್ಣು ಓಡಿಸಿದರೆ ಕಣ್ಣು ಜಾರುತ್ತದೆ. ಬಾಗಿಲು ಹಾಕಿಕೊಂಡು ಜೋರಾಗಿ ಮೂರು ಸಲ ಓದಿ. ಆಮೇಲೆ ಇಡೀ ಭಾಗವನ್ನು ನೋಟ್‌ಬುಕ್ಕಿನಲ್ಲಿ ಕೈಯಾರೆ ಬರೆಯಿರಿ, ಒಂದೊಂದು ಕ್ರಿಯೆಗೂ ಹೊಸ ಸಾಲು. ಬೇಜಾರಿನ ಕೆಲಸ ಹೌದು. ನಾನು ಯಾರಿಗೇ ಈ ಕ್ರಮ ಹೇಳಿಕೊಟ್ಟರೂ ಅವರು ಮೊದಲು ಬಿಡುವುದು ಇದನ್ನೇ. ನನಗಂತೂ ಅರ್ಧಕ್ಕರ್ಧ ಸಿಗುವುದು ಇದರಲ್ಲೇ.

ಹೀಗೆ ಬರೆದಾಗ ಪುಟ ಹೇಗೆ ಕಾಣುತ್ತದೆ ನೋಡಿ. ಯಾಜಕ (ದೇವಾಲಯದ ಪೂಜಾರಿ): ಬಂದ, ನೋಡಿದ, ಆಚೆ ಬದಿ ಹಿಡಿದು ಹೋದ. ಲೇವಿಯ (ದೇವಾಲಯದಲ್ಲಿ ಯಾಜಕರಿಗೆ ಸಹಾಯ ಮಾಡುವ ಕುಲದವನು): ಬಂದ, ನೋಡಿದ, ಆಚೆ ಬದಿ ಹಿಡಿದು ಹೋದ. ಸಮಾರ್ಯದವನು: ಬಂದ, ನೋಡಿದ, ಕನಿಕರಪಟ್ಟ, ಹತ್ತಿರ ಹೋದ, ಎಣ್ಣೆ ಮತ್ತು ದ್ರಾಕ್ಷಾರಸ ಹೊಯ್ದ, ಗಾಯ ಕಟ್ಟಿದ, ತನ್ನ ಪ್ರಾಣಿಯ ಮೇಲೆ ಕೂರಿಸಿದ, ಛತ್ರಕ್ಕೆ ಕರೆದುಕೊಂಡು ಹೋದ, ಆರೈಕೆ ಮಾಡಿದ, ಮರುದಿನ ಎರಡು ದಿನಾರಿ ದುಡ್ಡು ತೆಗೆದ, ಛತ್ರದವನಿಗೆ ಕೊಟ್ಟ, ನೋಡಿಕೋ ಅಂದ, ಜಾಸ್ತಿ ಆದರೆ ವಾಪಸ್ ಬರುವಾಗ ಕೊಡುತ್ತೇನೆ ಅಂದ.

ಮೊದಲಿಬ್ಬರದ್ದು ಮೂರು ಮೂರು ಸಾಲು, ಮೂರನೆಯವನದ್ದು ಪುಟದ ಕೆಳಗಿನ ತನಕ. ಮೂವರೂ ನೋಡಿದರು. ನೋಡಲಿಲ್ಲ ಅನ್ನುವ ನೆಪ ಯಾರಿಗೂ ಇಲ್ಲ. ದಾರಿ ಬೇರೆಯಾಗುವುದು ‘ನೋಡಿದ’ ಆದಮೇಲಿನ ಒಂದೇ ಕ್ರಿಯೆಯಲ್ಲಿ.

ಪ್ರಶ್ನೆಗಳ ಪಟ್ಟಿ ಮಾಡಿ, ಉತ್ತರ ಆಮೇಲೆ

ಎದುರಿನ ಪುಟದಲ್ಲಿ ತೋಚಿದ ಪ್ರಶ್ನೆ ಎಲ್ಲಾ ಬರೆಯಿರಿ. ದಡ್ಡ ಪ್ರಶ್ನೆ ಅಂತ ಯಾವುದೂ ಇಲ್ಲ. ಹಿಂದಿನ ಬೆಂಚಿನ ಹುಡುಗ ಏನು ಕೇಳಬಹುದು, ಆ ಅಜ್ಜಿ ಏನು ಕೇಳಬಹುದು ಅಂತಲೂ ಯೋಚಿಸಿ. ನನ್ನ ನೋಟ್‌ಬುಕ್ಕಿನಲ್ಲಿ ಇದ್ದವು ಇವು:

ಗಾಯಗೊಂಡವನು ಯಾವ ಜನ? ಯಾಕೆ ಹೇಳಿಲ್ಲ?
ಯಾಜಕ ಯಾವ ಕಡೆ ಹೋಗುತ್ತಿದ್ದ?
ಎರಡು ದಿನಾರಿ ಅಂದರೆ ಎಷ್ಟು?
‘ನೆರೆಯವನು’ ಅಂದರೆ ಪಕ್ಕದ ಮನೆಯವನಾ?
37ರಲ್ಲಿ ಧರ್ಮೋಪದೇಶಕ ‘ಸಮಾರ್ಯದವನು’ ಅಂತ ಯಾಕೆ ಹೇಳಲಿಲ್ಲ?
ಅಜ್ಜಿಯ ಪ್ರಶ್ನೆ.

ಈ ಹಂತದಲ್ಲಿ ಉತ್ತರ ಹುಡುಕಬೇಡಿ. ಒಂದು ರಾತ್ರಿ ಪ್ರಶ್ನೆಗಳನ್ನು ಹಾಗೇ ಬಿಡಿ.

ಹಿಂದೆ ಮುಂದೆ ಏನಿದೆ?

ಈಗ ನಿಮ್ಮ ಭಾಗದ ಹಿಂದಿನ ಒಂದು ಅಧ್ಯಾಯ, ಮುಂದಿನ ಅರ್ಧ ಅಧ್ಯಾಯ ಓದಿ. ಲೂಕ 9:51ರಿಂದ ಯೇಸುಸ್ವಾಮಿ ಯೆರೂಸಲೇಮಿನ ಕಡೆ ಮುಖ ಮಾಡಿ ಹೊರಡುತ್ತಾರೆ. ದಾರಿಯಲ್ಲಿ ಒಂದು ಸಮಾರ್ಯದ ಊರು. ಅಲ್ಲಿನವರು ಅವರನ್ನು ಸೇರಿಸಿಕೊಳ್ಳುವುದಿಲ್ಲ. ಶಿಷ್ಯರಾದ ಯಾಕೋಬ, ಯೋಹಾನರಿಗೆ ಎಷ್ಟು ಸಿಟ್ಟು ಅಂದರೆ ಆಕಾಶದಿಂದ ಬೆಂಕಿ ಬಿದ್ದು ಇವರು ಸುಟ್ಟುಹೋಗಲಿ ಅಂತ ಹೇಳೋಣವಾ ಅಂತ ಕೇಳುತ್ತಾರೆ. ಯೇಸುಸ್ವಾಮಿ ಅವರನ್ನು ಗದರಿಸುತ್ತಾರೆ.

ಇದಾಗಿ ಒಂದೇ ಅಧ್ಯಾಯಕ್ಕೆ, ತಮಗೆ ಬಾಗಿಲು ಹಾಕಿದ ಅದೇ ಜನರಲ್ಲಿ ಒಬ್ಬನನ್ನು ತಮ್ಮ ಕಥೆಯಲ್ಲಿ ತಂದು ನಿಲ್ಲಿಸುತ್ತಾರೆ. ಪಕ್ಕದಲ್ಲಿ ನಿಂತು ಕೇಳುತ್ತಿದ್ದ ಯಾಕೋಬ, ಯೋಹಾನರ ಮುಖ ಹೇಗಾಗಿರಬೇಕು! ಹಿಂದಿನ ಅಧ್ಯಾಯ ತಿರುಗಿಸದೆ ಇದ್ದಿದ್ದರೆ ಇದು ನನಗೆ ಸಿಗುತ್ತಲೇ ಇರಲಿಲ್ಲ.

ಮುಂದಿನ ಭಾಗ ಮಾರ್ಥಾ ಮತ್ತು ಮರಿಯ. ಅಲ್ಲಿ ಓಡಾಡಿ ಕೆಲಸ ಮಾಡಿದವಳಿಗಿಂತ ಕೂತು ಕೇಳಿದವಳು ಒಳ್ಳೆಯದನ್ನು ಆರಿಸಿಕೊಂಡಳು ಅಂತ ಬರುತ್ತದೆ. ‘ಹೋಗಿ ಮಾಡು’ ಆದಮೇಲೆ ‘ಕೂತು ಕೇಳು’. ಲೂಕನು ಎರಡನ್ನೂ ಅಕ್ಕಪಕ್ಕ ಇಟ್ಟಿದ್ದಾನೆ. ಅದು ಇನ್ನೊಂದು ಭಾನುವಾರದ ಮಾತು, ಒಂದೇ ಪ್ರಸಂಗಕ್ಕೆ ತುರುಕಬೇಡಿ.

ಜಾಗ, ಜನ, ದುಡ್ಡು

ಈಗ ಪುಸ್ತಕ, ಫೋನು ತೆಗೆಯಬಹುದು.

ಜಾಗದಿಂದ ಶುರು ಮಾಡೋಣ. ಯೆರೂಸಲೇಮ್ ಇರುವುದು ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಮೇಲೆ. ಯೆರಿಕೋ ಇರುವುದು ಸಮುದ್ರ ಮಟ್ಟಕ್ಕಿಂತ ಸುಮಾರು 250 ಮೀಟರ್ ಕೆಳಗೆ. ನಡುವಿನ ದಾರಿ 27 ಕಿಲೋಮೀಟರ್ ಆಸುಪಾಸು. ಅಷ್ಟರಲ್ಲಿ ಸಾವಿರ ಮೀಟರ್ ಇಳಿಯಬೇಕು. ಚಾರ್ಮಾಡಿ ಘಾಟಿ ಇಳಿದವರಿಗೆ ಇಳಿಜಾರು ಊಹಿಸುವುದು ಕಷ್ಟವಲ್ಲ. ಆದರೆ ಅಲ್ಲಿ ಕಾಡಿಲ್ಲ. ಬೋಳು ಬೆಟ್ಟ, ಬಂಡೆ, ತಿರುವು. ಕಳ್ಳರಿಗೆ ಅನುಕೂಲದ ಜಾಗ.

‘ಇಳಿದು’ ಅನ್ನುವ ಪದವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. 31ನೇ ವಚನದಲ್ಲಿ ಯಾಜಕನೂ ಇಳಿದು ಹೋಗುತ್ತಿದ್ದಾನೆ. ಬಹಳ ಪ್ರಸಂಗಿಗಳು ‘ಪಾಪ, ಹೆಣ ಮುಟ್ಟಿದರೆ ಮೈಲಿಗೆ ಆಗಿ ದೇವಾಲಯದ ಸೇವೆ ತಪ್ಪುತ್ತದೆ ಅಂತ ಹೆದರಿದ’ ಅನ್ನುತ್ತಾರೆ. ಹಳೆಯ ಒಡಂಬಡಿಕೆಯ ಯಾಜಕಕಾಂಡ 21ರಲ್ಲಿ ಹತ್ತಿರದ ನೆಂಟರನ್ನು ಬಿಟ್ಟು ಬೇರೆ ಹೆಣ ಮುಟ್ಟಬಾರದು ಅಂತ ಯಾಜಕರಿಗೆ ನಿಯಮ ಇದೆ, ನಿಜ. ಆದರೆ ಇವನು ದೇವಾಲಯ ಇರುವ ಊರಿಗೆ ಹತ್ತುತ್ತಿಲ್ಲ, ಅಲ್ಲಿಂದ ಇಳಿಯುತ್ತಿದ್ದಾನೆ. ಬಿದ್ದವನು ಹೆಣವೂ ಅಲ್ಲ, ಅರೆಜೀವವಾಗಿದ್ದಾನೆ. ದಿಕ್ಕಿಲ್ಲದ ಹೆಣ ಸಿಕ್ಕರೆ ಮಹಾಯಾಜಕನೂ ಮಣ್ಣು ಮಾಡಬೇಕು ಅನ್ನುವ ಮಾತು ಯೆಹೂದ್ಯ ಗುರುಗಳ ನಿಯಮಗಳ ಸಂಗ್ರಹವಾದ ಮಿಷ್ನಾದಲ್ಲೇ ಇದೆ. ಹಾಗಾಗಿ ಯೆಹೂದ್ಯ ಧರ್ಮವೇ ಕಲ್ಲೆದೆಯದ್ದು ಅನ್ನುವ ಹಾಗೆ ಪ್ರಸಂಗ ಮಾಡಬೇಡಿ. ಕಥೆ ಹೇಳಿದವರೂ ಯೆಹೂದ್ಯರೇ. ಯಾಜಕ ಯಾಕೆ ಹೋದ ಅಂತ ಯೇಸುಸ್ವಾಮಿ ಹೇಳಲಿಲ್ಲ. ಅವರು ಹೇಳದ ಕಾರಣವನ್ನು ನಾವು ಕಟ್ಟಿ ಹೇಳುವುದು ಯಾಕೆ?

ಇನ್ನು ಅಜ್ಜಿಯ ಪ್ರಶ್ನೆ. ಸಮಾರ್ಯದವರೂ ಮೋಶೆಯ ಐದು ಪುಸ್ತಕಗಳನ್ನು ನಂಬುವವರು, ಅದೇ ದೇವರನ್ನು ಆರಾಧಿಸುವವರು. ಆದರೆ ಅವರ ಆರಾಧನೆ ಯೆರೂಸಲೇಮಿನಲ್ಲಿ ಅಲ್ಲ, ಗೆರಿಜೀಮ್ ಬೆಟ್ಟದಲ್ಲಿ. ಯೇಸುಸ್ವಾಮಿ ಹುಟ್ಟುವುದಕ್ಕೆ ನೂರಕ್ಕೂ ಜಾಸ್ತಿ ವರ್ಷ ಮೊದಲು ಯೆಹೂದ್ಯರನ್ನು ಆಳುತ್ತಿದ್ದ ಮಹಾಯಾಜಕ ಯೋಹಾನ ಹಿರ್ಕಾನಸ್ ಆ ಬೆಟ್ಟದ ಮೇಲಿನ ಆಲಯವನ್ನು ಕೆಡವಿಸಿದ. ಆಮೇಲೆ, ಯೇಸುಸ್ವಾಮಿ ಹುಡುಗರಾಗಿದ್ದ ಕಾಲದಲ್ಲಿ, ಸಮಾರ್ಯದ ಕೆಲವರು ಪಸ್ಕ ಹಬ್ಬದ ಹೊತ್ತಿಗೆ ಯೆರೂಸಲೇಮಿನ ದೇವಾಲಯದೊಳಗೆ ಸತ್ತವರ ಮೂಳೆ ಎಸೆದರು ಅಂತ ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಅಂದರೆ ದೂರದ ಅಪರಿಚಿತರಲ್ಲ. ಹತ್ತಿರದವರು, ದಾಯಾದಿಗಳು, ಹಳೇ ಹಗೆಯವರು. ದಾಯಾದಿ ಜಗಳದ ಕಹಿ ನಮ್ಮ ಜನಕ್ಕೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಆ ಸಮಾರ್ಯದವರು ಇವತ್ತಿಗೂ ಇದ್ದಾರೆ. ಕೆಲವೇ ನೂರು ಜನ, ಗೆರಿಜೀಮ್ ಬೆಟ್ಟದಲ್ಲೂ ಟೆಲ್ ಅವೀವ್ ಹತ್ತಿರದ ಹೋಲೋನಿನಲ್ಲೂ.

ದುಡ್ಡಿನ ವಿಷಯ ಬೇಗ ಮುಗಿಯುತ್ತದೆ. ಮತ್ತಾಯ 20ರ ದ್ರಾಕ್ಷಿತೋಟದ ಸಾಮ್ಯದಲ್ಲಿ ಒಂದು ದಿನಾರಿ ಒಂದು ದಿನದ ಕೂಲಿ. ಇಲ್ಲಿ ಎರಡು ದಿನದ ಕೂಲಿ. ನಿಮ್ಮ ಊರಿನ ಎರಡು ದಿನದ ಕೂಲಿ ಎಷ್ಟು ಅಂತ ಹೇಳಿ, ಸಾಕು. ಅದಕ್ಕಿಂತ ದೊಡ್ಡದು ‘ಜಾಸ್ತಿ ಆದರೆ ಕೊಡುತ್ತೇನೆ’ ಅನ್ನುವ ಲೆಕ್ಕ ಇಡದ ಮಾತು.

ಒಂದೆರಡು ಪದ ಮಾತ್ರ ಅಗೆಯಿರಿ

ಹೊಸ ಒಡಂಬಡಿಕೆಯ ಮೂಲ ಭಾಷೆಯಾದ ಗ್ರೀಕ್ ಬರದಿದ್ದರೂ ಒಂದು ಒಳ್ಳೆಯ ಕನ್‌ಕಾರ್ಡೆನ್ಸ್ (ಬೈಬಲ್ ಪದಗಳ ಸೂಚಿ) ಇದ್ದರೆ ಒಂದು ಮೂಲ ಪದ ಎಲ್ಲೆಲ್ಲಿ ಬಂದಿದೆ ಅಂತ ನೋಡಬಹುದು. ಎಲ್ಲಾ ಪದ ಅಗೆಯಲು ಹೋದರೆ ಪ್ರಸಂಗ ನಿಘಂಟು ಆಗುತ್ತದೆ. ಎರಡೇ ಎರಡು ಆರಿಸಿ.

ನಾನು ಆರಿಸಿದ್ದು ‘ಕನಿಕರಪಟ್ಟ’. ಇದರ ಗ್ರೀಕ್ ಪದ ಹುಟ್ಟಿದ್ದು ‘ಸ್ಪ್ಲಾಂಖ್ನಾ’ದಿಂದ. ಅಂದರೆ ಕರುಳು, ಹೊಟ್ಟೆಯೊಳಗಿನ ಭಾಗ. ಇಂಗ್ಲಿಷಿನವರು ಇದನ್ನು ವಿವರಿಸಲು ಒದ್ದಾಡುತ್ತಾರೆ. ನಮಗೆ ಆ ಕಷ್ಟ ಇಲ್ಲ. ‘ಕರುಳು ಚುರ್ ಅಂತು’ ಅಂದರೆ ಮುಗಿಯಿತು. ಲೂಕನು ಈ ಕ್ರಿಯಾಪದವನ್ನು ತನ್ನ ಸುವಾರ್ತೆಯಲ್ಲಿ ಮೂರೇ ಸಲ ಬಳಸುತ್ತಾನೆ. ನಾಯಿನ್ ಊರಿನ ವಿಧವೆಯನ್ನು ಕಂಡಾಗ ಯೇಸುಸ್ವಾಮಿಗೆ, 7:13ರಲ್ಲಿ. ಇಲ್ಲಿ ಸಮಾರ್ಯದವನಿಗೆ. ತಪ್ಪಿಹೋದ ಮಗ ದೂರದಲ್ಲಿ ಬರುವುದನ್ನು ಕಂಡಾಗ ತಂದೆಗೆ, 15:20ರಲ್ಲಿ. ಮೂರೂ ಕಡೆ ಮೊದಲು ‘ಕಂಡ’, ಆಮೇಲೆ ಕರುಳು. ಆ ಇಬ್ಬರ ಸಾಲಿನಲ್ಲಿ ಒಬ್ಬ ಸಮಾರ್ಯದವನು ನಿಂತಿದ್ದಾನೆ.

ಎರಡನೆಯದು ‘ನೆರೆಯವನು’. ನಮ್ಮ ಯುವಕರ ಕೂಟದಲ್ಲಿ ಒಬ್ಬ ಹುಡುಗನಿಗೆ ನೆರೆ ಅಂದಾಗ ಹೊಳೆದದ್ದು ಪ್ರವಾಹ. ಪೇಪರಿನಲ್ಲಿ ಬರುವುದು ನೆರೆ ಪರಿಹಾರ ತಾನೇ, ಅವನ ತಪ್ಪೇನು? ಹಳೆಯ ಪದ ಬಂದಾಗ ಅರ್ಥ ಗೊತ್ತು ಅಂತ ಮುಂದೆ ಹೋಗದೆ 1894ರಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟನ್ನು ತಿರುವಿ. ಗ್ರೀಕಿನ ‘ಪ್ಲೆಸಿಯೋನ್’ ಅಂದರೂ ‘ಹತ್ತಿರದವನು’. ಈಗ ಎರಡು ವಚನ ಅಕ್ಕಪಕ್ಕ ಇಡಿ. 29ರಲ್ಲಿ ಪ್ರಶ್ನೆ: ‘ನನ್ನ ನೆರೆಯವನು ಯಾರು?’ 36ರಲ್ಲಿ ಯೇಸುಸ್ವಾಮಿಯ ಪ್ರಶ್ನೆ: ಈ ಮೂವರಲ್ಲಿ ಯಾರು ಅವನಿಗೆ ನೆರೆಯವನಾದ? ‘ಆಗಿದ್ದ’ ಅಲ್ಲ, ‘ಆದ’. ಧರ್ಮೋಪದೇಶಕ ಗೆರೆ ಎಳೆಯಲು ಕೇಳಿದ: ಎಲ್ಲಿಯವರೆಗೆ ನನ್ನವರು, ಎಲ್ಲಿಂದ ಆಚೆಯವರು? ಯಾಜಕಕಾಂಡ 19:18 ಓದಿದರೆ ಅವನ ಪ್ರಶ್ನೆ ಪೂರ್ತಿ ಕೆಟ್ಟದ್ದಲ್ಲ ಅಂತಲೂ ಗೊತ್ತಾಗುತ್ತದೆ, ‘ನೆರೆಯವನನ್ನು ನಿನ್ನಂತೆಯೇ ಪ್ರೀತಿಸು’ ಅನ್ನುವ ಅಲ್ಲೇ ‘ನಿನ್ನ ಜನ’ರ ಮಾತಿದೆ. ಆದರೆ ಅದೇ ಅಧ್ಯಾಯದ 34ರಲ್ಲಿ ಪರದೇಶದವನನ್ನೂ ನಿನ್ನಂತೆಯೇ ಪ್ರೀತಿಸು ಅಂತ ಇದೆ. ಯೇಸುಸ್ವಾಮಿ ಗೆರೆಯ ಲೆಕ್ಕಕ್ಕೇ ಹೋಗುವುದಿಲ್ಲ. ಪ್ರಶ್ನೆಯನ್ನೇ ತಿರುಗಿಸಿಬಿಡುತ್ತಾರೆ.

ಹಳೆಯ ಒಡಂಬಡಿಕೆಯ ಧ್ವನಿ ಕೇಳುತ್ತಾ?

ಪುಟದ ಅಂಚಿನಲ್ಲೋ ಅಡಿಯಲ್ಲೋ ಇರುವ ಉಲ್ಲೇಖಗಳನ್ನು ಒಂದೊಂದಾಗಿ ತೆಗೆದು ನೋಡಿ. ಹತ್ತರಲ್ಲಿ ಏಳು ಉಪಯೋಗಕ್ಕೆ ಬರುವುದಿಲ್ಲ. ಉಳಿದ ಮೂರಕ್ಕಾಗಿ ನೋಡಬೇಕು.

ಇಲ್ಲಿ ಸಿಗುವ ಚಿನ್ನ ಪೂರ್ವಕಾಲವೃತ್ತಾಂತ ಎರಡನೇ ಭಾಗ 28:15. ಉತ್ತರದ ಇಸ್ರಾಯೇಲರು ಯೆಹೂದದವರನ್ನು ಸೋಲಿಸಿ, ಸೆರೆಹಿಡಿದು ಸಮಾರ್ಯಕ್ಕೆ ತರುತ್ತಾರೆ. ಓದೇದನೆಂಬ ಪ್ರವಾದಿ ಎದುರು ಬಂದು ತಡೆಯುತ್ತಾನೆ. ಆಗ ಕೆಲವರು ಎದ್ದು, ಬಟ್ಟೆ ಇಲ್ಲದವರಿಗೆ ಬಟ್ಟೆ ಉಡಿಸಿ, ಊಟ ಕೊಟ್ಟು, ಎಣ್ಣೆ ಹಚ್ಚಿ, ನಡೆಯಲಾಗದವರನ್ನು ಕತ್ತೆಗಳ ಮೇಲೆ ಕೂರಿಸಿ, ಯೆರಿಕೋವಿಗೆ ಮುಟ್ಟಿಸಿ ಬರುತ್ತಾರೆ. ಬೆತ್ತಲೆ, ಎಣ್ಣೆ, ಪ್ರಾಣಿ, ಸಮಾರ್ಯ, ಯೆರಿಕೋ. ಧರ್ಮಶಾಸ್ತ್ರ ಅರೆದು ಕುಡಿದ ಆ ಧರ್ಮೋಪದೇಶಕನಿಗೆ ಇದು ನೆನಪಾಗದೆ ಇರುತ್ತದಾ? ನನಗಂತೂ ನೆನಪಾಗಿರುತ್ತದೆ ಅನ್ನಿಸುತ್ತದೆ. ಆದರೆ ಇದು ನನ್ನ ಊಹೆ, ಪ್ರಸಂಗದಲ್ಲೂ ಊಹೆ ಅಂತಲೇ ಹೇಳುತ್ತೇನೆ.

ವ್ಯಾಖ್ಯಾನ ಕೊನೆಗೆ

ಗುರುವಾರದ ಹೊತ್ತಿಗೆ ವ್ಯಾಖ್ಯಾನದ ಪುಸ್ತಕ ತೆರೆಯಿರಿ. ಈಗ ನಿಮ್ಮ ಕೈಯಲ್ಲಿ ಪ್ರಶ್ನೆಗಳಿವೆ, ಹಾಗಾಗಿ ಪುಸ್ತಕ ನಿಮ್ಮನ್ನು ಎಳೆದುಕೊಂಡು ಹೋಗುವುದಿಲ್ಲ. ಒಂದು ಉಪಯೋಗದ ಸಂಗತಿ ನನಗೆ ಹೀಗೆ ಸಿಕ್ಕಿತು. ಯಾಜಕ, ಲೇವಿಯ, ಸಾಮಾನ್ಯ ಇಸ್ರಾಯೇಲ್ಯ ಅಂತ ಮೂರು ವರ್ಗ ಹೇಳುವುದು ಯೆಹೂದ್ಯರ ರೂಢಿ. ಇಬ್ಬರು ಬಂದು ಹೋದಾಗ ಕೇಳುವವರು ಮೂರನೆಯವನು ನಮ್ಮಂಥವನೇ ಅಂತ ಕಾಯುತ್ತಿದ್ದರು. ಬಂದವನು ಸಮಾರ್ಯದವನು.

ದೊಡ್ಡವರ ಮಾತನ್ನೂ ಪರೀಕ್ಷಿಸಿ ನೋಡಬೇಕು. ಸಂತ ಅಗಸ್ಟೀನನ ಪ್ರಕಾರ ಬಿದ್ದವನು ಆದಾಮ, ಕಳ್ಳರು ಸೈತಾನ ಮತ್ತು ಅವನ ದೂತರು, ಸಮಾರ್ಯದವನು ಕ್ರಿಸ್ತ, ಛತ್ರ ಕ್ರೈಸ್ತಸಭೆ, ಛತ್ರದವನು ಅಪೊಸ್ತಲ ಪೌಲ. ಕೇಳಲು ಚೆಂದ, ನಮ್ಮ ಹಳ್ಳಿ ಸಭೆಗಳಲ್ಲಿ ಇವತ್ತಿಗೂ ಹೀಗೆ ಪ್ರಸಂಗ ಮಾಡುವವರಿದ್ದಾರೆ. ನನ್ನ ಪರೀಕ್ಷೆ ಒಂದೇ: ಎದುರು ನಿಂತ ಆ ಧರ್ಮೋಪದೇಶಕನಿಗೆ ಇದು ಅರ್ಥವಾಗುತ್ತಿತ್ತಾ? ಪೌಲ ಯಾರು ಅಂತಲೇ ಅವನಿಗೆ ಗೊತ್ತಿರಲಿಲ್ಲ.

ಒಂದು ವಾಕ್ಯಕ್ಕೆ ಇಳಿಸಿ

ಶುಕ್ರವಾರ ನೋಟ್‌ಬುಕ್ ಮುಚ್ಚಿ, ಈ ಭಾಗ ಏನು ಹೇಳುತ್ತದೆ ಅಂತ ಒಂದೇ ವಾಕ್ಯ ಬರೆಯಿರಿ. ಬರೆಯಲು ಆಗದಿದ್ದರೆ ಮಂಗಳವಾರದ ಪುಟಕ್ಕೆ ವಾಪಸ್ ಹೋಗಿ. ನನ್ನ ವಾಕ್ಯ ನಾಲ್ಕು ಸಲ ಬದಲಾಯಿತು. ಮೊದಲನೆಯದು ‘ಎಲ್ಲರಿಗೂ ಸಹಾಯ ಮಾಡಬೇಕು’. ಅದು ಹಳೇ ಪ್ರಸಂಗವೇ. ಕೊನೆಯದು ಹೀಗಿತ್ತು: ‘ಯಾರು ನನ್ನವರು ಅಂತ ಕೇಳಿದವನಿಗೆ, ನೀನು ಯಾರ ಹತ್ತಿರ ಹೋಗುತ್ತೀ ಅಂತ ಯೇಸುಸ್ವಾಮಿ ಕೇಳುತ್ತಾರೆ, ಅದನ್ನೂ ಅವನು ಹಗೆ ಅಂದುಕೊಂಡವನಿಂದಲೇ ಕಲಿಸುತ್ತಾರೆ.’ ಉದ್ದ ಆಯಿತು, ಆದರೆ ನನ್ನದು.

ಈಗ ಕತ್ತರಿ ಕೆಲಸ. ಈ ವಾಕ್ಯಕ್ಕೆ ಬೇಡದ್ದನ್ನೆಲ್ಲಾ ತೆಗೆಯಿರಿ. ಹಿರ್ಕಾನಸ್ ಹೋದ, ಮಿಷ್ನಾ ಹೋಯಿತು, ಅಗಸ್ಟೀನ ಹೋದ. ಕಷ್ಟಪಟ್ಟು ಓದಿದ್ದನ್ನು ಬಿಡುವಾಗ ಹೊಟ್ಟೆ ಉರಿಯುತ್ತದೆ. ಮನೆಯಲ್ಲಿ ಕುದಿಸಿದ ಮೂಳೆ ಎಲ್ಲಾ ತಟ್ಟೆಗೆ ಹಾಕಲ್ಲ, ಸಾರು ಮಾತ್ರ ಬಡಿಸ್ತೀವಿ ಅಂತ ನಮ್ಮ ಮನೆಯವರು ಹೇಳಿದ ಮೇಲೆ ಸ್ವಲ್ಪ ಸುಲಭ ಆಯಿತು.

ಸಭೆಯವರ ಮುಖ ನೆನಪಿಸಿಕೊಳ್ಳಿ

ಶನಿವಾರ ಕಣ್ಣು ಮುಚ್ಚಿ ಬೆಂಚಿನ ಸಾಲುಗಳನ್ನು ನೆನಪಿಸಿಕೊಳ್ಳಿ. ಈ ಮಾತು ಅವರಲ್ಲಿ ಯಾರಿಗೆ ತಾಗುತ್ತದೆ, ಎಲ್ಲಿ ತಾಗುತ್ತದೆ?

ಗಾಯಗೊಂಡವನು ಯಾವ ಜನ ಅನ್ನುವ ನನ್ನ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಈ ಹೊತ್ತಿನಲ್ಲೇ. ಕಳ್ಳರು ಅವನ ಬಟ್ಟೆ ಕಿತ್ತುಕೊಂಡಿದ್ದಾರೆ. ಪ್ರಜ್ಞೆ ಇದ್ದ ಹಾಗಿಲ್ಲ. ಉಡುಪು ನೋಡಿ ಗುರುತು ಹಿಡಿಯಲು ಆಗಲ್ಲ, ಮಾತಿನ ಧಾಟಿ ಕೇಳಿ ಊರು ಪತ್ತೆ ಮಾಡಲೂ ಆಗಲ್ಲ. ಅವನು ಯಾರ ಪೈಕಿ ಅಂತ ತಿಳಿಯುವ ದಾರಿಯೇ ಇಲ್ಲ. ನಮ್ಮಲ್ಲಿ ಹೊಸಬರು ಸಭೆಗೆ ಬಂದರೆ ಹೆಸರು, ಊರು, ಮನೆತನ, ಯಾರ ಕಡೆಯವರು ಅಂತ ನಾಲ್ಕೇ ಪ್ರಶ್ನೆಯಲ್ಲಿ ಜಾತಿ ತಿಳಿದುಕೊಂಡುಬಿಡುತ್ತೇವೆ. ಸಂಬಂಧ ನೋಡುವಾಗಂತೂ ಕೇಳುವುದೇ ಬೇಡ. ಇದನ್ನು ಪ್ರಸಂಗಪೀಠದಲ್ಲಿ ಹೇಳಬೇಕಾ ಅಂತ ರಾತ್ರಿ ಹನ್ನೊಂದರ ತನಕ ಯೋಚಿಸಿದೆ. ಹೇಳಿದೆ. ‘ನೀವು’ ಅಂತ ಅಲ್ಲ, ‘ನಾವು’ ಅಂತ. ಯಾಕಂದರೆ ಅದೇ ವಾರ ನಾನೂ ಒಬ್ಬರನ್ನು ಹಾಗೆ ಕೇಳಿದ್ದೆ.

ಭಾನುವಾರ ಬೆಳಗ್ಗೆ

ವಾಕ್ಯ ಓದುವವರು ಬೇರೆಯವರಾದರೆ ಮುಂಚೆಯೇ ಕೂತು ಒಂದು ಸಲ ಓದಿಸಿ. 37ನೇ ವಚನದಲ್ಲಿ ಒಂದು ಉಸಿರು ನಿಲ್ಲಲು ಹೇಳಿ. ‘ಯಾರು ನೆರೆಯವನಾದ’ ಅಂತ ಕೇಳಿದಾಗ ಧರ್ಮೋಪದೇಶಕನಿಗೆ ‘ಸಮಾರ್ಯದವನು’ ಅನ್ನುವ ಒಂದು ಪದ ಬಾಯಿಗೆ ಬರುವುದಿಲ್ಲ. ‘ಅವನಿಗೆ ದಯೆ ತೋರಿಸಿದವನು’ ಅಂತ ಸುತ್ತಿ ಬಳಸಿ ಹೇಳುತ್ತಾನೆ. ಓದುವವರು ಆ ಜಾಗದಲ್ಲಿ ಸ್ವಲ್ಪ ನಿಂತರೆ ಸಾಕು, ಜನಕ್ಕೆ ಕೇಳಿಸುತ್ತದೆ.

ಎರಡನೇ ಸಲ ಈ ಭಾಗದ ಮೇಲೆ ಪ್ರಸಂಗ ಮಾಡಿದಾಗ ನಾನು ತೆಗೆದುಕೊಂಡದ್ದು ಹತ್ತೊಂಬತ್ತು ನಿಮಿಷ. ಅಜ್ಜಿ ಅವತ್ತೂ ಬಾಗಿಲ ಹತ್ತಿರ ನಿಂತಿದ್ದರು. “ದಾಯಾದಿಗಳು ಅಂತ ಅವತ್ತೇ ಹೇಳಿದ್ರೆ ಆಗ್ತಿತ್ತಲ್ಲಪ್ಪಾ” ಅಂದರು.